ಶಕುಂತಲಾಬಾಯಿಯ ಹೆಸರಿನ ಫೋನು

ಬಸವಕಲ್ಯಾಣ
೧೪ ಅಕ್ಟೋಬರ್ ೨೦೦೬

ಮನೀಷಾಳ ಅಪ್ಪನವರಿಗೆ,

ಶರಣು ಶರಣಾರ್ಥಿ. ನಾನು, ಮಗಳು ಇಬ್ಬರೂ ಆರಾಮವಾಗಿದ್ದೇವೆ. ನೀವೂ ಹುಮನಾಬಾದಿನಲ್ಲಿ ನಿಮ್ಮ ಅಣ್ಣನವರ ಮನೆಯಲ್ಲಿ ಆರಾಮವಾಗಿಯೇ ಇರುತ್ತೀರಿ. ಅವರ ಫೋನು ಕಾಳಿನ ಅಡತಿ ಅಂಗಡಿಯಲ್ಲಿದೆ, ಮನೆಯಲ್ಲಿಲ್ಲ, ಹಾಗಾಗಿ ಮಧ್ಯಾಹ್ನದ ನಿದ್ದೆಗೆ ಅಡ್ಡಿಯಿಲ್ಲ. ಈ ಪತ್ರ ನಿಮ್ಮನ್ನು ಕರೆಯಲು ಬರೆದದ್ದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯ ಸರ್ಕಾರಿ ಫೋನು ನಿಮ್ಮ ಹೆಸರಿನಲ್ಲಿದೆ. ಅದನ್ನು ಬಿಡಿಸಲು ನಿಮ್ಮ ಸಹಿ ಬೇಕಂತೆ. ಅರ್ಜಿ ಇದರ ಜೊತೆಗೇ ಇಟ್ಟಿದ್ದೇನೆ. ಅದರ ಬದಲಿಗೆ ಒಂದು ಹೊಸ ಕಂಪನಿಯ ಫೋನು ತಂದಿದ್ದೇನೆ. ಅದು ನನ್ನ ಹೆಸರಿನಲ್ಲಿದೆ.

ಬೇಕಾದರೆ ಇನ್ನೊಮ್ಮೆ ಓದಿಕೊಳ್ಳಿರಿ. ನನ್ನ ಹೆಸರಿನಲ್ಲಿ.

ನೀವು ನೌಕರಿಯಲ್ಲಿದ್ದಷ್ಟು ದಿನ ಮನೆಯ ಫೋನು ಎಷ್ಟು ಬಡಕೊಳ್ಳುತ್ತದೆ ಎಂದು ನಿಮಗೆ ಗೊತ್ತಿರಲಿಲ್ಲ. ರಿಟೈರ್ ಆಗಿ ಮಧ್ಯಾಹ್ನ ಮಲಗತೊಡಗಿದ ಮೇಲೆ ಗೊತ್ತಾಯಿತು. ಓಣಿಯಲ್ಲಿ ಫೋನಿಲ್ಲದವರೆಲ್ಲ ತಮ್ಮ ಬಳಗಕ್ಕೆ ಕೊಟ್ಟದ್ದು ನಮ್ಮದೇ ಪಿ.ಪಿ. ನಂಬರು. ಕರೆ ಬಂದರೆ ಸ್ವಲ್ಪ ತಡೆದು ಮಾಡ್ರಿ ಎಂದು ಹೇಳಿ ಇಡುವುದು, ಗೋಡೆಯ ಮೇಲಿಂದ ಕೂಗುವುದು, ಅವರು ಓಡಿ ಬಂದು ನಿಮ್ಮ ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಂತು ಕಾಯುವುದು. ಕುಲ್ಸುಮ್ ಬೀಯ ಮಗ ಸೌದಿಯಿಂದ ಮಾತಾಡಿದರೆ ಅತ್ತ ಅವನು ಅಳುತ್ತಾನೆ, ಇತ್ತ ಇವಳು ಅಳುತ್ತಾಳೆ. ಹಳ್ಳಿಖೇಡ ಫ್ಯಾಕ್ಟರಿಗೆ ಕಬ್ಬಿನ ಲಾರಿ ಹೊಡೆಯುವ ಬಂಡೆಪ್ಪ ಫೋನು ಮಾಡಿದರೆ ಹೆಂಡತಿ ಯಶೋದಾಬಾಯಿಗಿಂತ ಮೊದಲು ಎಮ್ಮೆಯ ಆರೋಗ್ಯ ಕೇಳುತ್ತಾನೆ. ಇದೆಲ್ಲ ನಿಮಗೆ ಕಿರಿಕಿರಿ, ಒಪ್ಪುತ್ತೇನೆ. ಆದರೆ ಆ ದಿನ ಕುಲ್ಸುಮ್ ಬೀ ಸ್ಟೂಲಿನ ಮೇಲೆ ಕುಂತಿರುವಾಗಲೇ ನೀವು ಎದ್ದು, 'ಇದು ಮನಿ ಉಳದಿಲ್ಲ, ಎಕ್ಸ್‌ಚೇಂಜ್ ಆಗ್ಯಾದ. ಇವರಿಗಿ ಬರಬ್ಯಾಡ ಅಂತ ಹೇಳು, ಇಲ್ಲಾ ನಾನೇ ಹೋಗ್ತೀನಿ' ಎಂದಿರಿ. ನಾನು ಹೇಳಲಿಲ್ಲ. ನೀವು ಹೋದಿರಿ.

ಯಾಕೆ ಹೇಳಲಿಲ್ಲ ಎಂದು ಬಸವಣಪ್ಪ ಭಾವನವರೂ ಕೇಳಿ ಕಳಿಸಿದ್ದರು. ನಾನು ಓದಿದ್ದು ಏಳನೇ ಇಯತ್ತೆ. ನಿಮ್ಮಂತೆ ಕುರ್ಚಿ ಮೇಜು ಕಂಡವಳಲ್ಲ. ಆದರೆ ಈ ಓಣಿಯಲ್ಲಿ ಯಾರಿಗೆ ಮೊಮ್ಮಗ ಹುಟ್ಟಿದರೂ, ಯಾರ ಮಗಳ ಲಗ್ನ ಗೊತ್ತಾದರೂ ಮೊದಲು ಕೇಳುವುದು ನನ್ನ ಕಿವಿ. ಅದು ನನ್ನ ದೊಡ್ಡಸ್ತಿಕೆ, ನನಗೆ ಅದರ ಹೆಮ್ಮೆ ಇದೆ. ಅದನ್ನು ಯಾರ ನಿದ್ದೆಗಾಗಿಯೂ ಬಿಟ್ಟುಕೊಡುವವಳಲ್ಲ.

ನೀವು ಹೋದ ಮೇಲೆ ಕುಲ್ಸುಮ್ ಬೀ ಬರುವುದನ್ನೇ ಬಿಟ್ಟಳು. ಮಗನ ಕರೆ ಬಂದು ನಾನು ಕೂಗಿದರೆ ಮನೆಯಲ್ಲಿ ಇಲ್ಲ ಎಂದು ಒಳಗಿನಿಂದ ಹೇಳಿಸಿದಳು. ನಾನೇ ಹೋಗಿ ಕೇಳಿದಾಗ, 'ನಮ್ ಸಲುವಾಗಿ ನಿಮ್ ಮನ್ಯಾಗ ಝಗಡಾ ಆಯ್ತಲ್ಲ ಅಕ್ಕಾ, ನಂಗ ಶರಂ ಆಗಾಕತ್ತದ' ಎಂದಳು. ಆ ಮಾತು ನನಗೆ ಬಹಳ ನಾಟಿತು. ಗಂಡನೂ ಮನೆಯಲ್ಲಿಲ್ಲ, ಬರುವ ಗೆಳತಿಯೂ ಬರುವುದಿಲ್ಲ ಎಂದರೆ ಆ ಫೋನು ಇಟ್ಟುಕೊಂಡು ನಾನೇನು ಪೂಜೆ ಮಾಡಲೇ? ತಂತಿಯಿಲ್ಲದ ಫೋನು ಬಂದಿದೆ, ಕೈಯಲ್ಲಿ ಹಿಡಿದು ಎಲ್ಲಿಗಾದರೂ ಒಯ್ಯಬಹುದು ಎಂದು ಮನೀಷಾ ಹೇಳಿದಳು. ಮೊನ್ನೆ ಗುರುವಾರ ಅವಳನ್ನು ಕರೆದುಕೊಂಡು ಬಸ್ಸು ಹತ್ತಿದೆ.

ಆ ಕಂಪನಿಯ ಆಫೀಸು ಇರುವುದು ನಿಮ್ಮ ಹುಮನಾಬಾದಿನಲ್ಲಿಯೇ. ಭಾವನವರ ಅಂಗಡಿಯ ಮುಂದೆಯೇ ಹಾದು ಹೋದೆವು. ನೀವು ತೊಗರಿ ಚೀಲಗಳ ನಡುವೆ ಕುಂತು ಪೇಪರ್ ಓದುತ್ತಿದ್ದಿರಿ. ಮನೀಷಾ ನನ್ನ ಕೈ ಜಗ್ಗಿದಳು. ನಾನು ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು ಮುಂದೆ ನಡೆದೆ.

ಆಫೀಸಿನಲ್ಲಿ ಕುಂತವನು ನನ್ನ ಹಿಂದೆ ಬಾಗಿಲ ಕಡೆ ನೋಡಿ, 'ಯಜಮಾನ್ರು ಬಂದಿಲ್ಲೇನ್ರಿ ಅಮ್ಮಾ' ಎಂದ. 'ಫೋನ್ ಎತ್ತಾಕಿ ನಾನು, ಸಹಿ ಮಾಡಾಕಿನೂ ನಾನೇ' ಎಂದು ನನ್ನ ವೋಟಿನ ಕಾರ್ಡು ಮುಂದಿಟ್ಟೆ. ಪೆನ್ನು ತೆಗೆದು ಬರೆದುಕೊಳ್ಳತೊಡಗಿದ. ಎಲ್ಲ ಸರಿಯಾಗಿ ನಡೆದಿತ್ತು. ಆಮೇಲೆ ಗಂಡನ ಹೆಸರು ಕೇಳಿದ.

ಲಗ್ನವಾದಾಗಿನಿಂದ ನಿಮ್ಮ ಹೆಸರನ್ನು ಬರಿದೇ ಹೇಳಿ ನನಗೆ ರೂಢಿಯಿಲ್ಲ. ಯಾರಾದರೂ ಕೇಳಿದ್ದೆಂದರೆ ಲಗ್ನದಲ್ಲಿ, ಕುಬುಸದಲ್ಲಿ, ಅದೂ ಒಡಪು ಹಾಕಿ, ಪ್ರಾಸದ ಪದದೊಳಗೆ ಕೂಡಿಸಿ ಹೇಳು ಎಂದು. ಆ ಮನುಷ್ಯ ಪೆನ್ನು ಹಿಡಿದು ಕಾಯುತ್ತಿದ್ದ. ಬಾಯಿ ತಾನೇ ತೆರೆಯಿತು, 'ಬೆಳ್ಳಿ ಬಟ್ಟಲದಾಗ ಬೆಲ್ಲದ ಹೂರಣ, ಗುರುಶಾಂತ ಅವರು ಬಂದರ ಬಾಗಲಿಗಿ ತೋರಣ' ಎಂದು ರಾಗವಾಗಿಯೇ ಹೇಳಿಬಿಟ್ಟೆ. ಮನೀಷಾ ಮುಖ ಮುಚ್ಚಿಕೊಂಡಳು. ಅವನು ಫಾರಂ ಒಮ್ಮೆ ನೋಡಿ ನನ್ನನ್ನೊಮ್ಮೆ ನೋಡಿ, 'ಇಷ್ಟೆಲ್ಲಾ ಬರ್ಯಾಕ ಇದರಾಗ ಜಾಗಾ ಇಲ್ರೀ ಅಮ್ಮಾ' ಎಂದ. ಎಲ್ಲರೂ ನಕ್ಕರು. ನಾನು ತಲೆ ತಗ್ಗಿಸಲಿಲ್ಲ. 'ನಡುವಿನ ಹೆಸರಷ್ಟೇ ಬರಕೋರಿ, ಉಳದದ್ದು ನನ್ನ ಹಂತ್ಯಾಕ ಇರಲಿ' ಎಂದೆ. ಸಾಲಿನಲ್ಲಿ ನಿಂತಿದ್ದ ಜಲಾಲುದ್ದೀನ್ ಎಂಬ ಹಿರಿಯರು ಶಹಬ್ಬಾಸ್ ಎಂದು ತಮ್ಮ ಕುರ್ಚಿ ಬಿಟ್ಟುಕೊಟ್ಟರು.

ಅದೇ ಕೈಯಲ್ಲಿ ಟಿವಿಗೂ ಹೊಸ ಡಿಶ್ ಛತ್ರಿ ಹಾಕಿಸಿದೆ. ಮಡೆಪ್ಪನ ಕೇಬಲ್ ನಂಬಿ ಸಾಕಾಗಿತ್ತು, ಅವನ ಮನೆಯಲ್ಲಿ ಕರೆಂಟು ಹೋದರೆ ನಮ್ಮ ಟಿವಿ ಕುರುಡಾಗುತ್ತಿತ್ತು. ಈಗ ಮ್ಯಾಚು ನಡುವೆ ನಿಲ್ಲುವುದಿಲ್ಲವಂತೆ. ನನಗೇನು, ನಾನು ಕ್ರಿಕೆಟ್ ನೋಡುವವಳಲ್ಲ. ಈ ಫೋನಿನಿಂದ ಇಂಟರ್ನೆಟ್ಟೂ ಬರುತ್ತದೆ ಎಂದು ಮನೀಷಾ ಗಂಟು ಬಿದ್ದಿದ್ದಾಳೆ. ಮೊದಲು ಕಂಪ್ಯೂಟರ್ ಬರಲಿ ಎಂದಿದ್ದೇನೆ.

ಮನೆಮನೆಗೆ ಹೋಗಿ ಹೊಸ ನಂಬರು ಹೇಳಿ ಬಂದೆ. ಈಗ ಯಾರೂ ಓಡಿ ಬರಬೇಕಿಲ್ಲ, ಫೋನೇ ಅವರ ಮನೆಗೆ ಹೋಗುತ್ತದೆ. ನಿನ್ನೆ ಸೌದಿಯ ಕರೆ ಬಂದಾಗ ಕುಲ್ಸುಮ್ ಬೀ ರೊಟ್ಟಿ ಬಡಿಯುತ್ತಿದ್ದಳು, ಕೈಯೆಲ್ಲ ಹಿಟ್ಟು. ನಾನೇ ಅವಳ ಕಿವಿಗೆ ಹಿಡಿದು ಒಲೆಯ ಮುಂದೆ ಕುಂತೆ. ಅತ್ತಳು, ನಕ್ಕಳು, ಬಿಸಿ ರೊಟ್ಟಿ ಕೊಟ್ಟಳು. ನಿಮ್ಮ ಮಂಚದ ಕೋಣೆಯಲ್ಲಿ ಈಗ ಗಡಿಯಾರದ ಸಪ್ಪಳ ಬಿಟ್ಟರೆ ಏನೂ ಇಲ್ಲ. ಚಹಾಕ್ಕೆ ಮಾತ್ರ ಎಲ್ಲರೂ ಮೊದಲಿನಂತೆ ನಮ್ಮ ಪಡಸಾಲೆಗೇ ಬರುತ್ತಾರೆ. ಅದನ್ನು ಬಿಡಿಸುವ ಅರ್ಜಿ ಯಾವ ಆಫೀಸಿನಲ್ಲಿಯೂ ಸಿಗುವುದಿಲ್ಲ.

ಇದನ್ನೆಲ್ಲ ನಿಮ್ಮ ಸಲುವಾಗಿ ಮಾಡಿದ್ದೆಂದು ತಿಳಿಯಬೇಡಿರಿ. ಭಾವನವರಿಗೆ, ಅಕ್ಕನಿಗೆ ನನ್ನ ಶರಣು ತಿಳಿಸಿರಿ.

ಹೊಸ ಫೋನಿನ ಒಡತಿ,
ಶಕುಂತಲಾಬಾಯಿ

ತಾ.ಕ.: ಗುರುವಾರ ಅಂಗಡಿಗೆ ಒಂದು ಫೋನು ಬಂದು, ನೀವು ಹಲೋ ಹಲೋ ಯಾರ್ರೀ ಎನ್ನುವಷ್ಟರಲ್ಲಿ ಕಟ್ಟಾಯಿತಲ್ಲ, ಅದು ನಾನು. ಹೊಸ ಫೋನು ಹತ್ತುತ್ತದೋ ಇಲ್ಲವೋ ನೋಡೋಣ, ಯಾವುದಾದರೂ ನಂಬರು ಹೇಳಿರಿ ಎಂದು ಕಂಪನಿಯವನು ಅಂದಾಗ ನನ್ನ ಬಾಯಿಗೆ ಬಂದದ್ದು ಅದೊಂದೇ. ನಿಮ್ಮ ದನಿ ಕೇಳಿದ ಮೇಲೆ ನಾನೇ ಇಟ್ಟುಬಿಟ್ಟೆ. ನಿಮ್ಮ ಗಂಟಲು ಕಟ್ಟಿದೆ, ಅಂಗಡಿಯ ಧೂಳಿಗೆ ಇರಬೇಕು. ಜೇಷ್ಠಮಧು ಕುಟ್ಟಿ ಕಷಾಯಕ್ಕೆ ತಯಾರು ಮಾಡಿಟ್ಟಿದ್ದೇನೆ. ಕಷಾಯ ಟಪಾಲಿನಲ್ಲಿ ಕಳಿಸಲು ಬರುವುದಿಲ್ಲ, ಬಂದು ಕುಡಿಯಿರಿ.