ಹಂಪಿ ನೋಡಲು ಬಂದ ನಿನ್ನ ಅವ್ವ

ಸೌಜನ್ಯ,

ನೀನು ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿದ ಮೇಲೆ ಕಂಪ್ಲಿಯಿಂದ ನಿನ್ನ ಅವ್ವ ಬಂದರು. ನಿಮ್ಮ ಮದುವೆಗೂ ಬಾರದವರು, ಮೂರು ವರ್ಷದ ಮೇಲೆ ನಮ್ಮ ಅಂಗಳದಲ್ಲಿ ನಿಂತು, "ಹಂಪಿ ನೋಡಾಕ ಬಂದೀನ್ರಿ" ಎಂದರು. ಹತ್ತಿರದ ಕಂಪ್ಲಿಯವರಿಗೆ ಹಂಪಿ ಹೊಸದೇ?

ನಿನ್ನನ್ನು ಎಬ್ಬಿಸಲು ಹೊರಟೆ. "ಬ್ಯಾಡ್ರಿ, ಮಲ್ಕೊಳ್ಳಲಿ. ಭಾಳ ದಣಿದಾಳ" ಎಂದು ನನ್ನ ಕೈ ಹಿಡಿದರು. ಆಮೇಲೆ ನಿನ್ನ ಪಕ್ಕದಲ್ಲಿ ಕೂತು ಹೊದಿಕೆ ಸರಿಮಾಡಿದರು.

ಹಾಗೆಯೇ ವಾಪಸ್ ಹೋಗಿಬಿಟ್ಟಾರೆಂದು ವಿರೂಪಾಕ್ಷನ ದರ್ಶನಕ್ಕೆ ನಾನೇ ಕರೆದುಕೊಂಡು ಹೊರಟಿದ್ದೇನೆ. ಕಮಲ ಮಹಲನ್ನೂ ತೋರಿಸುತ್ತೇನೆ.

ಎಣ್ಣೆಗಾಯಿ ಆಗಿದೆ. ರೊಟ್ಟಿ ಮಾತ್ರ ನೀನೇ ಬಡಿ. ಹಳೆಯ ಮಾತು ಎತ್ತಬೇಡ.

ಮೂರು ಗಂಟೆಗೆ ಬರುತ್ತೇವೆ. ಬಾಗಿಲು ನೀನೇ ತೆಗೆ. ನಾನು ಸ್ವಲ್ಪ ಹಿಂದೆ ನಿಂತಿರುತ್ತೇನೆ.

ಅತ್ತೆ