ಅವ್ವ ಇಳಿಯಲಿಲ್ಲ

ಹೆಸರಘಟ್ಟ
೨೦ ಜನವರಿ ೨೦೨೫

ವಿಜಯಣ್ಣನಿಗೆ,

ಪ್ರತಿಭಾಳ ನಮಸ್ಕಾರ. ನಿನಗೆ ಮಗಳು ಹುಟ್ಟಿದ ಸಂತೋಷವನ್ನು ಇಷ್ಟು ತಡವಾಗಿ ಹೇಳುತ್ತಿದ್ದೇನೆಂದು ಬೇಸರಪಡಬೇಡ. ನೀನು ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ. ಯಶವಂತಪುರಕ್ಕೆ ಇಲ್ಲಿಂದ ಬಸ್ಸಿದೆ ನಿಜ, ಆದರೆ ನಿನ್ನ ಬಾಗಿಲಲ್ಲಿ ನಿಂತು ಜಗಳವಾಡಿ ಬಾಣಂತಿಯನ್ನು ಅಳಿಸಲು ಮನಸ್ಸಿಲ್ಲ. ಮೊದಲು ಬರೆದ ಕಾಗದದಲ್ಲಿ ಬರೀ ಬೈಗುಳವಿತ್ತು, ಹರಿದು ಹಾಕಿದೆ.

ನಿನ್ನೆ ಶೀತಲ್ ವೈನಿ ಫೋನ್ ಮಾಡಿ, ಬರುವ ಭಾನುವಾರ ಕೂಸನ್ನು ತೊಟ್ಟಿಲಿಗೆ ಹಾಕುತ್ತೇವೆ ಎಂದರು. ಆಮೇಲೆ ದನಿ ತಗ್ಗಿಸಿ, "ನೀ ಒಬ್ಬಾಕಿನ ಬಾ ಪ್ರತಿಭಾ. ಅತ್ತ್ಯಾರನ್ನ ಕರ್ಕೊಂಡು ಬಂದ್ರ ಇವರು ಮನ್ಯಾಗ ಇರೂದಿಲ್ಲ ಅಂತಾರ" ಎಂದರು. ಅವ್ವ ಪಕ್ಕದಲ್ಲೇ ಹಸುವಿನ ಕೆಚ್ಚಲು ತೊಳೆಯುತ್ತಿದ್ದಳು. ಎಷ್ಟು ಕೇಳಿಸಿತೋ, "ಕೂಸಿಗೆ ಏನ್ ಹೆಸರ ಇಡ್ತಾರಂತ?" ಎಂದಷ್ಟೇ ಕೇಳಿದಳು. ಗೊತ್ತಿಲ್ಲ ಎಂದೆ.

ಅಪ್ಪನ ಮಣ್ಣಿನ ದಿನ ನೀನು ಎಲ್ಲರೆದುರು ಅವ್ವನನ್ನು ಕೇಳಿದೆಯಲ್ಲ, "ಅಪ್ಪ ಸಗಣಿ ಗುಂಡ್ಯಾಗ ಬಿದ್ದಾಗ ನೀ ಸುಮ್ಮನ ನೋಡಕೋತ ಕುಂತಿದ್ದೇನು?" ಎಂದು, ಆ ಮಾತು ಈಗ ಇಲ್ಲಿ ಎಲ್ಲರ ಬಾಯಲ್ಲಿದೆ. ಪಕ್ಕದ ಫಾರಂನ ರತ್ನಕ್ಕ ಡೇರಿಗೆ ಹಾಲು ಹಾಕುವ ಸಾಲಿನಲ್ಲಿ, "ನಾನಾಗಿದ್ರೆ ಇಂಗೆ ಕಲ್ಲಿನಂಗೆ ಕೂತ್ಕತಿರ್ಲಿಲ್ಲ ಕಣವ್ವ. ತಾಳಿ ಕಟ್ದೋನಲ್ವಾ? ಜೊತ್ಗೇ ಸಾಯ್ತಿದ್ದೆ" ಎಂದಳು. ನಾನು ಬಿಡಲಿಲ್ಲ. "ಮೊದ್ಲು ನಿಮ್ ಯಜಮಾನ್ರನ್ನ ಕೇಳಿ ರತ್ನಕ್ಕ, ನಿಮಗೋಸ್ಕರ ಅವರು ಸಾಯ್ತಾರಾ ಅಂತ" ಎಂದೆ. ಸಾಲಿನವರೆಲ್ಲ ನಕ್ಕರು. ಕ್ಯಾನು ಹಿಡಿದು ನಿಂತಿದ್ದ ಅವ್ವ ನಗಲಿಲ್ಲ. ಅಂದಿನಿಂದ ಕ್ಯಾನು ಒಯ್ಯುವವಳು ನಾನೇ.

ನೀನು ಕಾರ್ಖಾನೆಯಲ್ಲಿ ಯಂತ್ರಗಳ ನಡುವೆ ದುಡಿಯುವವನು, ನಿನಗಾದರೂ ಇದು ಅರ್ಥವಾಗಬೇಕು. ಮುಚ್ಚಿದ ಗುಂಡಿಯಲ್ಲಿ ಕೊಳೆತ ಸಗಣಿಯನ್ನು ಕಲಕಿದರೆ ವಿಷಗಾಳಿ ಏಳುತ್ತದೆ. ಅದನ್ನು ಉಸಿರಾಡಿದವನಿಗೆ ಕೂಗುವಷ್ಟೂ ವ್ಯವಧಾನ ಸಿಗುವುದಿಲ್ಲ. ಬಿದ್ದವನನ್ನು ಎತ್ತಲು ಇಳಿದವರು ಅವನ ಮೇಲೆಯೇ ಬೀಳುತ್ತಾರೆ. ಕೃಷಿ ಮೇಳದಲ್ಲಿ ಸಿಕ್ಕ ಕರಪತ್ರದಲ್ಲಿ ಇದೆಲ್ಲ ಇತ್ತು. ಅದನ್ನು ಪಂಪಿನ ಕೋಣೆಯ ಗೋಡೆಗೆ ಅಂಟಿಸಿದ್ದೆ. ಓದಲು ಬಾರದ ಅವ್ವನಿಗೆ ಓದಿ ಹೇಳಿದ್ದೆ. ಅಪ್ಪ ಮಾತ್ರ, "ನೋಡ್ರಿಪಾ, ನನ್ನ ಮಗಳು ಸಗಣಿಗೂ ಕಾನೂನು ಮಾಡ್ಯಾಳ!" ಎಂದು ನಗುತ್ತಿದ್ದ. ಗುಂಡಿಯಿಂದ ಸಗಣಿ ನೀರೆತ್ತುವ ಪಂಪಿಗೆ ಹುಲ್ಲು ಸಿಕ್ಕಾಗಲೆಲ್ಲ ಬಿದಿರಿನ ಏಣಿ ಇಟ್ಟು ಇಳಿಯುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು. ದೀಪಾವಳಿ ಮುಗಿದ ವಾರ ಇಳಿದವನು ಹತ್ತಲಿಲ್ಲ.

ಅಗ್ನಿಶಾಮಕದವರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡೇ ಇಳಿದರು. ಅವರಲ್ಲೊಬ್ಬರು ನನಗೆ, "ನಿಮ್ಮಮ್ಮ ಇಳೀದೆ ಇದ್ದಿದ್ದು ಒಳ್ಳೇದಾಯ್ತು ಕಣಮ್ಮ. ಇಲ್ದಿದ್ರೆ ಎರಡು ಹೆಣ ಎತ್ತಬೇಕಿತ್ತು" ಎಂದರು. ಅವರ ಮಾತನ್ನು ಯಾರೂ ಎಲ್ಲಿಗೂ ಒಯ್ಯಲಿಲ್ಲ.

ನಾವು ದುಡಿಯುವ ಈ ಫಾರಂನ ಮಾಲೀಕರಾದ ವೇಣುಗೋಪಾಲ ಅವರು ಸಂಜಯನಗರದಿಂದ ಕಾರಿನಲ್ಲಿ ಬಂದಾಗ ಕೇಳಿದೆ: ಗುಂಡಿಯ ಬಾಯಿಗೆ ಕಬ್ಬಿಣದ ಜಾಲರಿ ಹಾಕಿಸಿ, ಹುಲ್ಲನ್ನು ಮೇಲಿಂದಲೇ ಎಳೆಯಲು ಉದ್ದನೆಯ ಕೊಕ್ಕೆ ಮಾಡಿಸಿ. ಅವರು, "ಮೊದ್ಲು ಒಂದು ಶಾಂತಿ ಹೋಮ ಮಾಡಿಸೋಣಮ್ಮ. ಜಾಗ ಸರಿಯಿಲ್ಲ ಅನ್ಸುತ್ತೆ" ಎಂದರು. "ಜಾಗ ಸರಿಯಾಗೇ ಇದೆ ಸರ್, ಜಾಲರಿ ಇಲ್ಲ ಅಷ್ಟೆ" ಎಂದೆ. ಹೋಮವಾಯಿತು. ಜಾಲರಿ ಬಂದಿಲ್ಲ. ಏಣಿಯನ್ನು ನಾನೇ ಕಡಿದು ಒಲೆಗೆ ಹಾಕಿದ್ದೇನೆ. ಮಾಲೀಕರು ಕೇಳಲಿ, ಉತ್ತರ ಕೊಡುತ್ತೇನೆ.

ಅಣ್ಣ, ಬದುಕಿ ಉಳಿದದ್ದಕ್ಕೆ ಒಬ್ಬ ಹೆಂಗಸು ಎಷ್ಟು ಜನರ ಕ್ಷಮೆ ಕೇಳಬೇಕು? ಅವ್ವ ಮಾಡಿದ್ದು ತಪ್ಪಾದರೆ ಆ ಕರಪತ್ರವೂ ಸುಳ್ಳು, ಅಪ್ಪನ ಹಿಂದೆ ಅವಳೂ ಸತ್ತಿದ್ದರೆ ಮಾತ್ರ ನಿಮಗೆಲ್ಲ ಸಮಾಧಾನ. ಅವಳು ತಟ್ಟೆಯ ಮುಂದೆ ಕೂತು ರೊಟ್ಟಿ ಮುರಿಯುತ್ತಾಳೆ, ತಿನ್ನುವುದಿಲ್ಲ. ಹಾಗೇ ಎದ್ದು ಅದನ್ನು ಕರುವಿಗೆ ಹಾಕುತ್ತಾಳೆ. ನೀನೇ ಬಂದು ಅವಳನ್ನು ಕರೆ.

ಕೂಸಿಗೆ ಅವ್ವನ ಆಶೀರ್ವಾದ. ಬಾಣಂತಿ ಕಿವಿಗೆ ಥಂಡಿ ಗಾಳಿ ತಾಗದಂತೆ ಬಟ್ಟೆ ಕಟ್ಟಿಕೊಳ್ಳಬೇಕಂತೆ, ವೈನಿಗೆ ಹೇಳು. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ,
ಪ್ರತಿಭಾ

ತಾ.ಕ.: ಅವ್ವ ಬೇಡವೆಂದಿದ್ದಾಳೆ, ಆದರೂ ಬರೆಯುತ್ತೇನೆ. ಅವಳು ತಾನಾಗಿ ಉಳಿಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿಯ ಮೇಲೆ ಕಾಲಿಟ್ಟಿದ್ದಳು. ನಾನು ಹಿಂದಿನಿಂದ ತಬ್ಬಿ ಹಿಡಿದೆ. "ಬಿಡಲೇ, ನಿಮ್ಮಪ್ಪ ಅದಾನ ಅಲ್ಲಿ" ಎಂದು ನನ್ನ ಮಣಿಕಟ್ಟು ಕಚ್ಚಿದಳು. ಸಗಣಿಯ ಮೇಲೆ ಅಪ್ಪನ ಕೈ ಒಮ್ಮೆ ಅಲ್ಲಾಡಿತು. ಅವಳು ಕಂಡಳು, ನಾನೂ ಕಂಡೆ. ಬಿಡಲಿಲ್ಲ. ಅವಳ ಕಸುವೆಲ್ಲ ಹೋಗಿ ಕುಸಿದು ಕೂತ ಮೇಲೆಯೇ ಏಣಿ ಎಳೆದುಹಾಕಿ ಫೋನ್ ಮಾಡಲು ಓಡಿದೆ. ರತ್ನಕ್ಕ ಬಂದು ಕಂಡದ್ದು ಆಮೇಲಿನದು. ಅವ್ವ ನನಗೆ, "ನೀ ಹಿಡದಿದ್ದು ಯಾರ ಮುಂದೂ ಹೇಳಬ್ಯಾಡ. ಮಂದಿ ನಿನ್ನ ಬಾಳಾಕ ಬಿಡೂದಿಲ್ಲ. ನಾ ಇಳೀಲಿಲ್ಲ ಅಂತ ನಾನ ಹೇಳತೀನಿ" ಎಂದಳು. ಹಾಗೇ ಹೇಳಿದಳು, ನಿನಗೂ.

ಮತ್ತೆ ಅಂಥ ಹೊತ್ತು ಬಂದರೂ ನಾನು ಹಿಡಿಯುತ್ತೇನೆ. ಮುಖ ನೋಡಬಾರದೆನಿಸಿದರೆ ನನ್ನ ಮುಖ ನೋಡಬೇಡ, ಭಾನುವಾರ ನಾನು ಬರುವುದಿಲ್ಲ. ಅವ್ವನನ್ನು ಕರೆ.