ಗೋಪುರ ಏರಲು ಅರ್ಹನಾದ ಮಗನಿಗೆ

ಹೊಸದುರ್ಗ
೧೪ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ಮಾರುತೇಶನಿಗೆ ತಾಯಿ ಬರೆಯುವುದು.

ಮೊದಲು ಕ್ಷಮೆ ಕೇಳಬೇಕಾಗಿದೆ. ಕಳೆದ ಶನಿವಾರದ ಪತ್ರದಲ್ಲಿ ಉಷಾರಾಣಿಗೆ ರಕ್ತಹೀನತೆ ಇದೆಯೆಂದೂ ಅದಕ್ಕಾಗಿ ಚುಚ್ಚುಮದ್ದು ಆರಂಭವಾಗಿದೆಯೆಂದೂ ಬರೆದಿದ್ದೆ. ಅವಳು ಹೇಳಿದ್ದನ್ನು ನಂಬಿ ಬರೆದೆ, ಅದು ಸುಳ್ಳು. ಹುಡುಗಿ ನನ್ನೆದುರು ನಿಜ ನುಡಿಯಲು ಅಂಜಿದ್ದಳು. ನಿನ್ನ ಹೆಂಡತಿಗೆ ಆಗಿರುವುದು ಸಿಫಿಲಿಸ್. ಅದಕ್ಕೆ ನಮ್ಮ ಕಡೆ ಹಳೆಯ ಹೆಸರುಗಳುಂಟು. ಒಂದು ಪರದೇಶದವರನ್ನು ದೂರುತ್ತದೆ, ಮತ್ತೊಂದು ಹೆಂಗಸರನ್ನು ದೂರುತ್ತದೆ. ಅವೆರಡೂ ನನಗೆ ಬೇಡ. ವೈದ್ಯರು ಬಳಸಿದ ಹೆಸರನ್ನೇ ಬಳಸುತ್ತೇನೆ.

ನಿನ್ನ ಆರೋಗ್ಯ ಹೇಗಿದೆ? ಇದನ್ನು ವಾಡಿಕೆಗಾಗಿ ಕೇಳುತ್ತಿಲ್ಲ, ಉತ್ತರ ಬೇಕೆಂದೇ ಕೇಳುತ್ತಿದ್ದೇನೆ. ಗುಜರಾತಿನ ಆ ಕಛ್‌ನ ಗಾಳಿಗೆ ತುಟಿ ಒಡೆಯುತ್ತದೆ ಎಂದು ನೀನು ಹೇಳಿದ್ದೆ. ಕೊಬ್ಬರಿ ಎಣ್ಣೆ ಹಚ್ಚಿಕೋ. ನನ್ನ ಮೊಣಕಾಲು ಎಂದಿನಂತಿದೆ. ಸೋಮವಾರ ಫೋನಿನಲ್ಲಿ ಈ ವಿಷಯಕ್ಕೆ ಒಂದೇ ಒಂದು ಉತ್ತರ ಕೊಟ್ಟು, ‘ಸಿಗ್ನಲ್ ಇಲ್ಲಮ್ಮ’ ಎಂದು ನಿಲ್ಲಿಸಿದವನು ಮತ್ತೆ ಕರೆ ಎತ್ತಿಲ್ಲ. ಮಂಗಳವಾರ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನು ಹಿಂಸಿಸಿ ನಾಲ್ಕು ಪದ ಕಳುಹಿಸಿದ್ದೀಯೆ. ಅದನ್ನು ಓದಲಾರೆ, ಓದುವುದೂ ಇಲ್ಲ. ಆದುದರಿಂದ ಈ ಪತ್ರ.

ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ಜುಲೈ ತಿಂಗಳಲ್ಲಿ, ಉಷಾಳಿಗೆ ಮೂರನೆಯ ತಿಂಗಳು ನಡೆಯುತ್ತಿದ್ದಾಗ, ತಾಲ್ಲೂಕು ಆಸ್ಪತ್ರೆಯಲ್ಲಿ ಎಲ್ಲ ಗರ್ಭಿಣಿಯರಿಗೂ ಮಾಡುವ ರಕ್ತಪರೀಕ್ಷೆಯನ್ನು ಅವಳಿಗೂ ಮಾಡಿದರು. ಆಗ ಯಾವ ಸೋಂಕೂ ಇರಲಿಲ್ಲ. ಗಣೇಶನ ಹಬ್ಬಕ್ಕೆ ನೀನು ಬಂದೆ, ಒಂದು ವಾರ ಇದ್ದೆ, ಮರಳಿ ಹೋದೆ. ಈ ತಿಂಗಳು ಏಳನೆಯ ತಿಂಗಳ ತಪಾಸಣೆಯಲ್ಲಿ ರಕ್ತವನ್ನು ಮತ್ತೊಮ್ಮೆ ನೋಡಿದರು. ಸೋಂಕು ಕಂಡಿತು. ಈ ನಡುವೆ ಅವಳು ಹೊಸದುರ್ಗದ ಗಡಿ ದಾಟಿಲ್ಲ. ದಾಟಿದ್ದರೂ ನೀನು ಅವಳನ್ನು ಕೇಳಿದ ಪ್ರಶ್ನೆಗೆ ಕ್ಷಮೆ ಇಲ್ಲ. ಭಾನುವಾರ ಅವಳು ಅಳುತ್ತಾ ಫೋನಿನಲ್ಲಿ ನಿನಗೆ ವಿಷಯ ತಿಳಿಸಿದಾಗ ನೀನು ಕಿರುಚಿದ್ದು ನನಗೆ ಅಡುಗೆಮನೆಗೂ ಕೇಳಿಸಿತು; ನನಗೆ ನಿಜ ತಿಳಿದದ್ದೂ ಹಾಗೆಯೇ. ‘ಅಲ್ಲೇ ಯಾರ ಜೊತೆಗೋ ತಂದ್ಕಂಡು ನನ್ ತಲೆಗ್ ಕಟ್ತೀಯ?’

ಆ ದಿನ ಮನೆಯಲ್ಲಿದ್ದ ನಿನ್ನ ಸೋದರತ್ತೆ ಜಯಕ್ಕ ಸುಮ್ಮನಿರಲಿಲ್ಲ. ‘ದೂರ ದುಡಿಯಾಕ್ ಹೋದ ಗಂಡ್ಸು ಹಂಗೂ ಇರ್ತಾನೆ, ಹಿಂಗೂ ಇರ್ತಾನೆ. ಹೆಣ್ಮಗ್ಳು ಹೊಟ್ಟೇಲಿ ಹಾಕ್ಕಂಬೇಕು ಕಣೇ’ ಎಂದಳು. ಉಷಾ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು, ‘ಹೊಟ್ಟೇಲಿ ಈಗಾಗ್ಲೇ ಒಂದು ಜೀವ ಐತೆ ಅತ್ತೆ, ಇನ್ನೇನ್ ಹಾಕ್ಕಳ್ಳಿ?’ ಎಂದಳು. ಮದುವೆಯಾಗಿ ಮೂರು ವರ್ಷದಲ್ಲಿ ಅವಳು ಹಿರಿಯರಿಗೆ ಎದುರಾಡಿದ್ದು ಅದೇ ಮೊದಲು. ಜಯಕ್ಕ ಸಂಜೆಯ ರೈಲಿಗೆ ಚಿಕ್ಕಜಾಜೂರಿಗೆ ಹೊರಟಳು; ನಾನು ತಡೆಯಲಿಲ್ಲ.

ಸೋಮವಾರ ಉಳಿದ ರಕ್ತಪರೀಕ್ಷೆಗಳಿಗಾಗಿ ಸೊಸೆಯೊಂದಿಗೆ ಆಸ್ಪತ್ರೆಗೆ ನಾನೇ ಹೋದೆ. ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ಇಂಥ ರೋಗಗಳ ಹೆಸರನ್ನು ದೊಡ್ಡದಾಗಿ ಬರೆದಿದ್ದಾರೆ. ಎದುರಿನ ಬೆಂಚಿನಲ್ಲಿ ನಮ್ಮ ಬೀದಿಯ ಹೆಂಗಸರಿಬ್ಬರು ಕುಳಿತಿದ್ದರು. ಉಷಾಳ ಕಾಲು ಮುಂದಕ್ಕೆ ಬರಲಿಲ್ಲ. ಆಗ ನಾನೇ ಒಳಹೊಕ್ಕು, ಕುರ್ಚಿಯಲ್ಲಿ ಕುಳಿತು, ತೋಳು ಚಾಚಿ, ‘ಮೊದಲು ನನ್ನ ರಕ್ತ ತೆಗೆಯಿರಿ’ ಎಂದೆ. ಅರವತ್ತಾರು ವರ್ಷದ ವಿಧವೆ, ನಿವೃತ್ತ ಕನ್ನಡ ಶಿಕ್ಷಕಿ. ಬೆಂಚಿನವರ ಕಣ್ಣು ಅಗಲವಾದವು. ಆಗಲಿ. ಆಮೇಲೆ ಉಷಾ ಬಂದು ನನ್ನ ಪಕ್ಕದಲ್ಲಿ ಕುಳಿತಳು.

ವೈದ್ಯೆ ಚಿಕ್ಕ ವಯಸ್ಸಿನವಳು, ಹಿರಿಯೂರಿನವಳು. ನಾನು ನಿನ್ನನ್ನು ಬೈಯಲು ಆರಂಭಿಸಿದೊಡನೆ, ‘ಅಮ್ಮಾ, ಬೈಯೋದನ್ನ ಆಮ್ಯಾಲೆ ಬೈರಿ. ಮೊದ್ಲು ಅವರ ರಕ್ತ ಕೊಡಿಸ್ರಿ. ಇವಳಿಗೆ ಎಷ್ಟು ಸೂಜಿ ಚುಚ್ಚಿದ್ರೂ ಅವರು ಔಷಧಿ ತಗಳ್ದೆ ಬಂದ್ರೆ ಮತ್ತೆ ಅದೇ ಕತೆ’ ಎಂದಳು. ಸಕಾಲದಲ್ಲಿ ಚುಚ್ಚುಮದ್ದು ಬಿದ್ದರೆ ತಾಯಿ ಗುಣವಾಗುತ್ತಾಳೆ, ಮಗುವನ್ನೂ ಬಹುಮಟ್ಟಿಗೆ ಕಾಪಾಡಬಹುದು. ಬೀಳದಿದ್ದರೆ ಮಗು ಹೊಟ್ಟೆಯಲ್ಲೇ ಸಾಯಬಹುದು, ಇಲ್ಲವೆ ರೋಗ ಹೊತ್ತೇ ಹುಟ್ಟಬಹುದು. ಜುಲೈ ತಿಂಗಳ ಪರೀಕ್ಷೆಯನ್ನೇ ನೆಚ್ಚಿ ಎರಡನೆಯದನ್ನು ಬಿಟ್ಟಿದ್ದರೆ ನಾವು ಏನೂ ತಿಳಿಯದೆ ಇಂದು ಸೀಮಂತದ ಬಳೆಯ ಬಣ್ಣ ಆರಿಸುತ್ತಾ ಕುಳಿತಿರುತ್ತಿದ್ದೆವು.

ಅಂದು ಸಂಜೆ ನಿನಗೆ ಕರೆ ಮಾಡಿದಾಗ ನೀನು ಕೊಟ್ಟ ಉತ್ತರ ಇದು: ‘ಕಂಪನಿಯೋರು ಆರು ತಿಂಗ್ಳಿಗೊಂದ್ಸಲ ತಲೆಯಿಂದ ಕಾಲ್‌ತಂಕ ಚೆಕ್ ಮಾಡ್ತಾರೆ ಕಣಮ್ಮ. ಫಿಟ್ ಅಂತ ಬರ್ಕೊಟ್ಟವ್ರೆ. ನಂಗೇನಾಗೈತೆ?’ ಮೂರ್ಖ! ಗಾಳಿಯಂತ್ರದ ಗೋಪುರ ಏರುವವನಿಗೆ ಅವರು ನೋಡುವುದು ಕಣ್ಣು, ರಕ್ತದೊತ್ತಡ, ಸಕ್ಕರೆ, ತಲೆಸುತ್ತು. ಮೇಲಿಂದ ಬಿದ್ದು ಸಾಯಬಾರದೆಂಬುದು ಅವರ ಚಿಂತೆ. ನೀನು ಯಾರೊಂದಿಗೆ ಮಲಗಿದೆ, ಏನನ್ನು ಹೊತ್ತು ತಂದೆ ಎಂದು ಅವರು ಕೇಳಿಲ್ಲ, ನೋಡಿಯೂ ಇಲ್ಲ. ಆ ಕಾಗದ ನಿನ್ನನ್ನು ಗೋಪುರ ಏರಲು ಅರ್ಹನೆಂದಿದೆ. ಅದನ್ನು ನಂಬಿ ನೀನು ಹೆಂಡತಿಯ ಹಾಸಿಗೆ ಏರಿದೆ. ನೋವಿಲ್ಲ, ಹುಣ್ಣಿಲ್ಲ ಎನ್ನಬೇಡ. ಹುಣ್ಣು ತಾನಾಗಿ ಮಾಯುತ್ತದೆ, ಸೋಂಕು ಉಳಿಯುತ್ತದೆ ಎಂದು ವೈದ್ಯೆ ಹೇಳಿದ್ದಾಳೆ. ನಿನ್ನ ತಂಡದಲ್ಲಿ ನಮ್ಮ ಜಿಲ್ಲೆಯ ಹುಡುಗರು ಇನ್ನೂ ಇದ್ದಾರಲ್ಲ, ಅವರೂ ಇದೇ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಹಬ್ಬಕ್ಕೆ ಮನೆಗೆ ಬರುತ್ತಾರೆ. ಅವರಿಗೂ ಇದನ್ನು ಓದಿ ಹೇಳು. ನನ್ನ ಹೆಸರು ಹೇಳಿದರೂ ಅಡ್ಡಿಯಿಲ್ಲ.

ನೀನು ಅಲ್ಲಿಯ ಸರಕಾರಿ ಆಸ್ಪತ್ರೆಗೆ ಹೋಗು. ಸಿಫಿಲಿಸ್, ಎಚ್‌ಐವಿ, ಹೆಪಟೈಟಿಸ್, ಮೂರನ್ನೂ ನೋಡಿಸು. ಗುಟ್ಟು ಕಾಯುತ್ತಾರೆ. ಚುಚ್ಚುಮದ್ದು ಪೂರ್ತಿ ತೆಗೆದುಕೋ. ಆ ಹೆಂಗಸು ಯಾರೇ ಆಗಲಿ, ಅವಳಿಗೂ ತಿಳಿಸು. ಅವಳಿಗೂ ಒಂದು ಮೈಯಿದೆ. ನೀನು ಎಲ್ಲಿಗೆ ಹೋದೆ ಎಂದು ನಾನು ಕೇಳುವುದಿಲ್ಲ. ಅದನ್ನು ಕೇಳುವ ಹಕ್ಕು ಉಷಾಳದು, ಕ್ಷಮಿಸುವ ಅಥವಾ ಕ್ಷಮಿಸದಿರುವ ಹಕ್ಕೂ ಅವಳದೇ. ನಾನು ಅವಳ ಪರವಾಗಿ ಕ್ಷಮಿಸಿ ಕಳುಹಿಸುವೆನೆಂದು ಕಾಯಬೇಡ.

ಕೋಪಕ್ಕಾಗಿ ಆಶೀರ್ವಾದವನ್ನು ತಡೆಹಿಡಿಯುವ ತಾಯಿ ನಾನಲ್ಲ. ಗುಣವಾಗು, ಬಹುಕಾಲ ಬಾಳು.

ನಿನ್ನ ತಾಯಿ,
ಹೇಮಾವತಿ

ಹಿಂಬರಹ: ಲಕೋಟೆ ಅಂಟಿಸುವ ಹೊತ್ತಿಗೆ ಉಷಾ ಬಂದು ತನ್ನ ತೀರ್ಮಾನ ತಿಳಿಸಿದಳು. ಮತ್ತೋಡಿನಲ್ಲಿರುವ ತನ್ನ ತಂದೆ ಓಬಳೇಶಪ್ಪನವರಿಗೆ ಎಲ್ಲವನ್ನೂ ಹೇಳಿದ್ದಾಳೆ. ತವರಿಗೆ ಹೋಗುತ್ತಾಳೆ, ನೀನು ಪರೀಕ್ಷೆ ಮಾಡಿಸಿ, ಚಿಕಿತ್ಸೆ ಮುಗಿಸುವವರೆಗೆ ನಿನ್ನ ಜೊತೆ ಹಸೆಯ ಮೇಲೆ ಕೂರುವುದಿಲ್ಲವಂತೆ. ಅತ್ತೆ ಸೊಸೆಯ ತವರಿಗೆ ಬಾಣಂತನಕ್ಕೆ ಹೋದದ್ದು ನಮ್ಮ ವಂಶದಲ್ಲಿಲ್ಲ. ಆದರೂ ಹೋಗುತ್ತಿದ್ದೇನೆ. ಆತುರದಲ್ಲಿದ್ದೇನೆ, ಹಿಂದಿನ ಪತ್ರದ ದಿನಾಂಕಗಳನ್ನು ಹೀಗೆ ತಿದ್ದಿಕೋ:

ಉಷಾಳ ಉಳಿದ ಚುಚ್ಚುಮದ್ದುಗಳು: ‘ಆಗಾಗ’ ಎಂದಿದ್ದೆ. ಸರಿಯಾದುದು, ನವೆಂಬರ್ ೧೫ ಮತ್ತು ೨೨.

ಸೀಮಂತ: ನವೆಂಬರ್ ೨೪, ನಮ್ಮ ಮನೆಯಲ್ಲಿ ಎಂದಿದ್ದೆ. ಸರಿಯಾದುದು, ನವೆಂಬರ್ ೨೫, ಮತ್ತೋಡಿನಲ್ಲಿ. ಹಸೆಯ ಮೇಲೆ ಅವಳ ಪಕ್ಕದಲ್ಲಿ ನಾನು ಕೂರುತ್ತೇನೆ.

ನಿನ್ನ ರಕ್ತಪರೀಕ್ಷೆ: ಹಿಂದಿನ ಪತ್ರದಲ್ಲಿ ಇರಲಿಲ್ಲ. ಸರಿಯಾದುದು, ಈ ಪತ್ರ ಕೈಸೇರಿದ ದಿನ. ಆಮೇಲೆ ಮನೆಯಿಂದ ದೂರವಿರುವಷ್ಟು ಕಾಲ ಮೂರು ತಿಂಗಳಿಗೊಮ್ಮೆ.

ಹೆರಿಗೆ: ಫೆಬ್ರವರಿ ೫ರ ಆಸುಪಾಸು. ತಿದ್ದುಪಡಿ ಇಲ್ಲ.

ನೀನು ಬರುವ ದಿನ: ನವೆಂಬರ್ ೨೨ ಎಂದಿದ್ದೆ. ಹೊಡೆದುಹಾಕು. ಹೊಸ ದಿನವನ್ನು ಉಷಾ ತಿಳಿಸುತ್ತಾಳೆ.